ಹಿತ್ತಲ ಬಾಗಿಲಿನ ಹಲಗೆ ಕಟ್ಟೆ

ಕರೋಶಿ, ತಾ. ೧೨-೨-೧೯೮೬

ತಮ್ಮ ಮಾಳಸಿದ್ದನಿಗೆ, ಅಕ್ಕ ಹೊಳೆವ್ವ ಬರೆಯುವುದು.

ನಿನ್ನ ಮಾವ, ನಮ್ಮ ಮನೆಯವರು, ಕಬ್ಬಿನ ಟ್ರೇಲರ್ ಮೇಲಿಂದ ಬಿದ್ದು ವರ್ಷವಾಯಿತು. ಮಿರಜದ ದವಾಖಾನೆಯಿಂದ ಮನೆಗೆ ಕರೆತಂದ ಸುದ್ದಿ ನಿನಗೆ ಗೊತ್ತು. ಸೊಂಟದ ಕೆಳಗೆ ಇನ್ನು ಜೀವ ಬರುವುದಿಲ್ಲ ಎಂದು ಡಾಕ್ಟರರು ನನ್ನೊಬ್ಬಳನ್ನೇ ಹೊರಗೆ ಕರೆದು ಹೇಳಿದ್ದರು. ಅದನ್ನು ಈಗ ನಿನಗೆ ಬರೆಯುತ್ತಿದ್ದೇನೆ. ಇವರಿಗೆ ತಾನಾಗಿಯೇ ತಿಳಿದಿದೆ. ಅತ್ತೆಗೆ ಇನ್ನೂ ಹೇಳಿಲ್ಲ. ಮಲಕವ್ವ ಅತ್ತೆ ದಿನಾ ಸಂಜೆ ಎಣ್ಣೆ ಕಾಯಿಸಿ ಮಗನ ಕಾಲು ತಿಕ್ಕುತ್ತಾರೆ. 'ಇವತ್ತ ಸ್ವಲ್ಪ ಬೆಚ್ಚಗ ಅದಾವ ನೋಡ' ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ.

ಇವರು ನಡುಮನೆಯಲ್ಲಿ ಮಲಗಿರುತ್ತಾರೆ. ಅಲ್ಲಿ ಹಗಲೂ ಕತ್ತಲೆ. ಬೆಳಿಗ್ಗೆ ಮೈ ಒರೆಸಿ, ಮಗ್ಗಲು ಬದಲಿಸಿ ಅಂಗನವಾಡಿಗೆ ಹೋಗುತ್ತೇನೆ, ಮಧ್ಯಾಹ್ನ ಓಡಿ ಬಂದು ಮತ್ತೆ ಮಗ್ಗಲು ಬದಲಿಸುತ್ತೇನೆ. ಆದರೂ ಬೆನ್ನಿಗೆ ಹುಣ್ಣಾಗಿದೆ. ಗಾಳಿ ಬಿಸಿಲು ತಾಕಬೇಕು ಎಂದು ಚಿಕ್ಕೋಡಿಯ ಡಾಕ್ಟರರು ಹೇಳಿದರು. ಆದರೆ ಮನೆಯ ಅಡಿಪಾಯ ಎತ್ತರ, ಮುಂದೆಯೂ ಹಿಂದೆಯೂ ಮೆಟ್ಟಿಲು. ಹೊರಗೆ ಒಯ್ಯಬೇಕಾದರೆ ಇವರು ಮಲಗಿದ ಹೊರಸನ್ನೇ ನಾಲ್ಕು ಜನ ಎತ್ತಬೇಕು. ಒಂದೇ ಸಲ ಎತ್ತಿದರು. ಆಮೇಲೆ ಇವರು ಹೇಳಿದರು, 'ಇನ್ನ ಎತ್ತಬ್ಯಾಡ್ರಿ. ನಾಕ ಮಂದಿ ಹೆಗಲ ಕೊಡೂದು ಒಮ್ಮೆ ಸಾಕು.' ಅಂದಿನಿಂದ ಹೊರಗೆ ಹೋಗಿಲ್ಲ.

ನನಗೊಂದು ವಿಚಾರ ಬಂದಿದೆ. ಹಿತ್ತಲ ಬಾಗಿಲಿಗೆ ಹೊಸ್ತಿಲಿನ ಮಟ್ಟಕ್ಕೆ ಸರಿಯಾಗಿ ಒಂದು ಹಲಗೆ ಕಟ್ಟೆ ಮಾಡಿದರೆ ಹೊರಸಿಗೆ ಗಾಲಿ ಹಾಕಿಸಿ ನಾನೊಬ್ಬಳೇ ತಳ್ಳಿಕೊಂಡು ಹೋಗಬಹುದು. ಅಲ್ಲಿಂದ ಕುರಿ ಹಟ್ಟಿ ಕಾಣುತ್ತದೆ, ಅದರಾಚೆ ಹೊಲ ಕಾಣುತ್ತದೆ. ನೀನು ಬಡಿಗ. ಹದಿನೈದು ದಿನ ರಜೆ ಹಾಕಿ ಬಾ. ಬೇರೆ ಯಾರಿಗೂ ಹೇಳಲು ನನಗೆ ಮನಸ್ಸಿಲ್ಲ.

ನಿನ್ನ ಅಕ್ಕ,
ಹೊಳೆವ್ವ


ಕುರ್ಲಾ, ಮುಂಬಯಿ, ತಾ. ೯-೩-೧೯೮೬

ಅಕ್ಕನಿಗೆ ಮಾಳಸಿದ್ದನ ನಮಸ್ಕಾರ.

ಅಕ್ಷರ ಬೇರೆ ಎಂದು ಗಾಬರಿಯಾಗಬೇಡ. ಕಾರ್ಖಾನೆಯಲ್ಲಿ ಕೆಲಸ ಬಹಳ, ಬರೆಯಲು ಬಿಡುವಿಲ್ಲ. ಪಕ್ಕದ ಖೋಲಿಯಲ್ಲಿ ಅಥಣಿ ಕಡೆಯ ಜ್ಞಾನದೇವ ಇದ್ದಾನೆ. ನಾನು ಹೇಳುತ್ತೇನೆ, ಅವನು ಬರೆಯುತ್ತಾನೆ.

ಈಗ ರಜೆ ಸಿಗುವುದಿಲ್ಲ. ಮಾವನ ವಿಷಯ ಓದಿದ ಮೇಲೆ ಊಟ ಸೇರಲಿಲ್ಲ. ಕಟ್ಟೆಯ ಕೆಲಸವನ್ನು ಊರಿನವರಿಂದ ಮಾಡಿಸು. ಆದರೆ ನಾನು ಹೇಳಿದಂತೆ ಮಾಡಿಸು.

ಕಟ್ಟೆ ಮನೆಗೆ ತಾಗಬಾರದು. ತನ್ನ ಕಂಬಗಳ ಮೇಲೆ ತಾನೇ ನಿಲ್ಲಬೇಕು. ಗೋಡೆಗೂ ಹಲಗೆಗೂ ನಡುವೆ ಅಂಗೈ ಆಡುವಷ್ಟು ಸಂದು ಬಿಡಿಸು. ತೊಲೆಯನ್ನು ಗೋಡೆಯೊಳಗೆ ತೂರಿಸಲು ಬಿಡಬೇಡ. ನಿಮ್ಮದು ಹಸಿ ಇಟ್ಟಂಗಿಯ ಗೋಡೆ. ತೊಲೆ ಹೊಕ್ಕ ತೂತಿನಲ್ಲಿ ನೀರು ಹೊಕ್ಕರೆ ಹೊರಗೆ ಬರುವುದಿಲ್ಲ. ಹಲಗೆ ಹಲಗೆ ನಡುವೆಯೂ ಸಣ್ಣ ಸಂದು ಇರಲಿ, ಇಳಿಜಾರು ಹೊಲದ ಕಡೆಗೆ ಇರಲಿ. ಕಂಬದ ಕೆಳಗೆ ಕಲ್ಲು ಇಡಿಸು, ಮಣ್ಣಿನಲ್ಲಿ ಹೂಳಿಸಬೇಡ. ಹಂಚಿನ ನೀರು ಕಟ್ಟೆಯ ಮೇಲೆ ಬೀಳದಂತೆ ತಗಡಿನ ದೋಣಿ ಹಾಕಿಸು. ಬಿದ್ದರೆ ಸಿಡಿದು ಗೋಡೆ ತೋಯುತ್ತದೆ.

ಇಲ್ಲಿ ಒಂದು ಬಂಗಲೆಯ ಮರದ ಗ್ಯಾಲರಿ ದುರಸ್ತಿಗೆ ಹೋಗಿದ್ದೆ. ಮೇಲೆ ಪಾಲಿಶ್ ಹೊಳೆಯುತ್ತಿತ್ತು. ಗೋಡೆಗೆ ಜಡಿದ ತೊಲೆಗೆ ಉಳಿ ಒತ್ತಿದರೆ ನೆನೆದ ರೊಟ್ಟಿಗೆ ಬೆರಳು ಹೋದ ಹಾಗೆ ಒಳಗೆ ಹೋಯಿತು. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಮಾಳಸಿದ್ದ


ಕರೋಶಿ, ತಾ. ೨೮-೪-೧೯೮೬

ಮಾಳಸಿದ್ದನಿಗೆ,

ನಿನ್ನ ಪತ್ರ ಮುಟ್ಟಿತು. ಒಡಹುಟ್ಟಿದ ಅಕ್ಕನಿಗೆ ನಾಲ್ಕು ಸಾಲು ಬರೆಯಲೂ ನಿನಗೆ ಆಳು ಬೇಕಾಯಿತು. ಇರಲಿ. ಮುಂಬಯಿ ದೊಡ್ಡ ಊರು.

ಕೆಲಸ ಮುಗಿಯಿತು. ಭಾವ ಸತ್ಯಪ್ಪನವರು ಮುಂದೆ ನಿಂತು ಮಾಡಿಸಿದರು. ತಮ್ಮನಿಗಾಗಿ ಹೊಲದ ಬದುವಿನ ಬೇವಿನ ಮರವನ್ನೇ ಕಡಿಸಿದರು. ಬಾಳಾಸಾಬ ಗೌಂಡಿ ಬಂದು ಕಲ್ಲಿನ ಕೆಲಸ ಮಾಡಿಕೊಟ್ಟ. ಕಟ್ಟೆ ಗಟ್ಟಿಯಾಗಿದೆ. ಹೊಸ್ತಿಲಿಗೆ ಎಷ್ಟು ಬಿಗಿಯಾಗಿ ಕೂತಿದೆ ಎಂದರೆ ನಡುವೆ ಎಳ್ಳು ಹಾಕಿದರೂ ಕೆಳಗೆ ಬೀಳುವುದಿಲ್ಲ. ಹೊರಸಿಗೆ ಚಿಕ್ಕೋಡಿಯಲ್ಲಿ ಗಾಲಿ ಹಾಕಿಸಿದೆವು.

ಮೊದಲ ದಿನ ನಾನೇ ತಳ್ಳಿಕೊಂಡು ಹೋದೆ. ಇವರು ಬೆಳಕಿಗೆ ಕಣ್ಣು ಮುಚ್ಚಿಕೊಂಡರು. ಆಮೇಲೆ ತೆರೆದು ಬಹಳ ಹೊತ್ತು ಹಟ್ಟಿ ನೋಡಿದರು. 'ಆ ಕರೇ ಟಗರ ಮಾರೀರೇನು?' ಎಂದು ಕೇಳಿದರು. ಅಷ್ಟೇ ಮಾತು. ಆದರೆ ಅವತ್ತು ಎರಡು ರೊಟ್ಟಿ ಹೆಚ್ಚು ತಿಂದರು.

ನಿನಗೆ ಬರಲಾಗದಿದ್ದರೂ ನಡೆಯಿತು.

ಹೊಳೆವ್ವ


ಕುರ್ಲಾ, ತಾ. ೧೪-೫-೧೯೮೬

ಅಕ್ಕ,

ಎಳ್ಳು ಬೀಳುವುದಿಲ್ಲ ಎಂದು ಸಂತೋಷದಿಂದ ಬರೆದಿದ್ದೀ. ಎಳ್ಳು ಬೀಳದ ಕಡೆ ನೀರೂ ಇಳಿಯುವುದಿಲ್ಲ, ಅಲ್ಲಿಯೇ ನಿಂತು ಗೋಡೆ ಕುಡಿಯುತ್ತದೆ. ಭಾವನವರು ತೊಲೆಯನ್ನು ಗೋಡೆಯೊಳಗೆ ತೂರಿಸಿದ್ದಾರೆ ಎಂದು ನನಗೆ ಇಲ್ಲಿಂದಲೇ ಕಾಣುತ್ತಿದೆ. ರೋಹಿಣಿ ಮಳೆ ಹಿಡಿಯುವ ಮೊದಲು ಬಿಚ್ಚಿಸು. ಹೇಳಿದ್ದನ್ನು ಮಾಡದಿದ್ದರೆ ನನ್ನನ್ನು ಕೇಳಿದ್ದು ಯಾಕೆ?

ಮಾಳಸಿದ್ದ


ಕರೋಶಿ, ತಾ. ೨೦-೧೦-೧೯೮೬

ಮಾಳಸಿದ್ದನಿಗೆ,

ಬಹಳ ದಿನ ಬರೆಯಲಾಗಲಿಲ್ಲ. ಮಳೆ ಚೆನ್ನಾಗಿ ಆಯಿತು. ಇವರ ಬೆನ್ನಿನ ಹುಣ್ಣು ಮಾಯ್ದಿದೆ. ಮಳೆ ಇಲ್ಲದ ದಿನ ಹೊರಗೇ ಇರುತ್ತಾರೆ, ಉಣ್ಣೆ ನೂಲುತ್ತಾರೆ. ಊರವರು ಮಾತಾಡಿಸಲು ಬರುತ್ತಾರೆ.

ನೀನು ಕೇಳಿದ ಹಿಂದಿನ ಗೋಡೆ ಸರಿಯಾಗಿದೆ. ಮೊನ್ನೆ ಒಳಗಿನಿಂದ ಸುಣ್ಣ ಹಚ್ಚಿಸಿದೆ.

ರಾಯಬಾಗದ ಬೀಗರು ಹೇಳಿ ಕಳಿಸಿದ್ದರು, 'ಹುಡುಗ ದೀಪಾವಳಿಗಾದರೂ ಬರತಾನೇನ್ರಿ? ನಿಶ್ಚಯ ಆಗಿ ವರ್ಷ ಆಗಾಕ ಬಂತು' ಎಂದು. ಏನು ಹೇಳಲಿ?

ಹೊಳೆವ್ವ


ಕುರ್ಲಾ, ತಾ. ೨-೧೨-೧೯೮೬

ಅಕ್ಕ,

ದೀಪಾವಳಿಗೆ ಬರಲಾಗಲಿಲ್ಲ. ರಾಯಬಾಗದವರಿಗೆ ಇನ್ನೊಂದು ವರ್ಷ ತಡೆಯಲು ಹೇಳು. ತಡೆಯದಿದ್ದರೆ ಅವರ ಇಷ್ಟ.

ಸುಣ್ಣ ಯಾಕೆ ಹಚ್ಚಿಸಿದೆ? ಗೋಡೆಗೆ ಕಲೆ ಬಂದಿತ್ತೇ? ಎಷ್ಟು ಎತ್ತರಕ್ಕೆ ಬಂದಿತ್ತು? ಬರೆ.

ಮಾಳಸಿದ್ದ


ಕರೋಶಿ, ತಾ. ೩-೮-೧೯೮೭

ಮಾಳಸಿದ್ದನಿಗೆ,

ನಿನ್ನ ಹಿಂದಿನ ಪತ್ರಕ್ಕೆ ನಾನು ಉತ್ತರ ಬರೆಯಲಿಲ್ಲ. ಕಲೆ ಬಂದಿತ್ತು. ನನ್ನ ಸೊಂಟದ ಎತ್ತರಕ್ಕೆ ಬಂದಿತ್ತು. ಕಟ್ಟೆ ಬಿಚ್ಚಿಸಿದರೆ ಇವರು ಮತ್ತೆ ಆ ಕತ್ತಲೆ ನಡುಮನೆಗೆ ಹೋಗಬೇಕು. ಆಮೇಲೆ ಭಾವನವರು ಮನಸ್ಸು ಮುರಿದುಕೊಂಡರೆ ಮತ್ತೆ ಯಾರು ಕಟ್ಟಿಸುತ್ತಾರೆ ಎಂದು ಸುಮ್ಮನಾದೆ.

ಕಳೆದ ವಾರ ಹಿಂದಿನ ಗೋಡೆ ಬಿತ್ತು. ಯಾರ ಜೀವಕ್ಕೂ ಏನೂ ಆಗಿಲ್ಲ, ಅದನ್ನು ಮೊದಲು ತಿಳಿದುಕೊ.

ಮಳೆ ಬಿಡದೆ ಹಿಡಿದಿತ್ತು. ಇವರು ನಡುಮನೆಯಲ್ಲಿದ್ದರು. 'ಗ್ವಾಡ್ಯಾಗ ಮಣ್ಣ ಸುರಿದಂಗ ಸಪ್ಪಳಾ ಆಗಾಕತ್ತೈತಿ' ಎಂದು ಎರಡು ಮೂರು ದಿನದಿಂದ ಹೇಳುತ್ತಲೇ ಇದ್ದರು. 'ಇಲಿ ಅದಾವ ಬಿಡ' ಎಂದು ಅತ್ತೆ ಅಂದರು. ಭಾವನವರು ಬಂದು ಗೋಡೆಗೆ ಕೈ ಬಡಿದು ನೋಡಿ, 'ಕಲ್ಲ ಆದಂಗ ಐತಿ' ಎಂದು ಹೋದರು. ನನಗೂ ಮಲಗಿದವರ ಮನಸ್ಸಿನ ಸಪ್ಪಳವಿರಬೇಕು ಅನಿಸಿತು.

ಆ ದಿನ ನಾನು ಅಂಗನವಾಡಿಯಲ್ಲಿದ್ದೆ. ಅತ್ತೆ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಒಲೆಯ ಮುಂದೆ ಕೂತಿದ್ದರು. ಸಪ್ಪಳ ಜೋರಾಯಿತಂತೆ. ಇವರು ನಡುಮನೆಯಿಂದ ಕೂಗಿದರು, 'ಯವ್ವಾ, ಒಲಿ ಬಿಟ್ಟ ಏಳ, ಹೊರಗ ಬಾ!'

'ರೊಟ್ಟಿ ಹೊತ್ತತೈತಿ ತಡಿ ಲೇ' ಎಂದರು ಅತ್ತೆ.

ಇವರು ಮತ್ತೆ ಕೂಗಿದರು. ಅತ್ತೆ ಏಳಲಿಲ್ಲ. ಆಗ ಇವರು ಏನು ಕೂಗಿದರು ಗೊತ್ತೇನು? 'ಯವ್ವಾ, ಕಾಲ ಅಲಗ್ಯಾಡತು! ಲಗೂನ ಬಾ, ನೋಡ ಬಾ!'

ಅತ್ತೆ ಹಿಟ್ಟಿನ ಕೈಯಲ್ಲೇ ಎದ್ದು ಓಡಿದರು. ಮಗನ ಕಾಲು ಹಿಡಿದುಕೊಳ್ಳುವಷ್ಟರಲ್ಲಿ ಹಿಂದೆ ಗೋಡೆ ಕುಸಿಯಿತು. ಒಲೆ, ರೊಟ್ಟಿಯ ಹಂಚು, ನೀರಿನ ಹಂಡೆ, ಎಲ್ಲ ಮಣ್ಣಿನಡಿ ಹೋಯಿತು. ಜನ ಓಡಿ ಬಂದು ನೋಡಿದಾಗ ಅತ್ತೆಗೆ ಗೋಡೆ ಬಿದ್ದ ಪರಿವೆಯೇ ಇರಲಿಲ್ಲ. ಕಾಲು ಹಿಡಿದುಕೊಂಡೇ ಕೂತಿದ್ದರು. 'ಇನ್ನೊಮ್ಮೆ ಅಲಗ್ಯಾಡಸ ಜಕ್ಕಪ್ಪಾ. ನಾ ನೋಡಲಿಲ್ಲ, ಇನ್ನೊಮ್ಮೆ' ಎನ್ನುತ್ತಿದ್ದರು.

ನಾನು ಬಂದಾಗ ಇವರ ಮುಖದ ಮೇಲೆಲ್ಲ ಮಣ್ಣು. 'ಸುಳ್ಳ ಹೇಳೀನಿ ಯವ್ವಾ. ಇಲ್ಲಂದ್ರ ನೀ ಏಳತಿದ್ದಿಲ್ಲ' ಎಂದರು. ಅತ್ತೆ ನನ್ನ ಕಡೆ ನೋಡಿದರು. ನಾನು ಕಣ್ಣು ಕೆಳಗೆ ಮಾಡಿದೆ. ಅವರಿಗೆ ತಿಳಿಯಿತು. ಅಂದಿನಿಂದ ಎಣ್ಣೆ ಕಾಯಿಸುವುದನ್ನು ಬಿಟ್ಟಿದ್ದಾರೆ. ನನ್ನ ಜೊತೆ ಮಾತೂ ಕಡಿಮೆ.

ತೊಲೆ ಗೋಡೆಗೆ ಹೊಕ್ಕಲ್ಲಿಂದಲೇ ಬಿದ್ದಿದೆ. ಒಳಗಿನ ಇಟ್ಟಂಗಿ ಕೈಯಲ್ಲಿ ಹಿಡಿದರೆ ಕೆಸರಾಗುತ್ತಿತ್ತು. 'ಆ ಕಟ್ಟಿಯಿಂದನ ಮನಿ ಬಿತ್ತು. ಬಾಗಲಾ ಮುಚ್ಚಿ ಪೂರಾ ಗ್ವಾಡಿ ಕಟ್ಟೂನು' ಎಂದು ಭಾವನವರು ಹೇಳುತ್ತಿದ್ದಾರೆ. ಅದನ್ನು ಕೇಳಿ ಇವರು ಎರಡು ದಿನದಿಂದ ಊಟ ಸರಿಯಾಗಿ ಮಾಡಿಲ್ಲ.

ನನಗೆ ಸಾಕಾಗಿದೆ ಮಾಳಸಿದ್ದ. ಒಂದೂವರೆ ವರ್ಷದಿಂದ ನೀನು ಮಾತು ಕಳಿಸುತ್ತಿದ್ದೀ, ಅದೂ ಇನ್ನೊಬ್ಬರ ಅಕ್ಷರದಲ್ಲಿ. ಮಾವನ ಮುಖ ನೋಡಲು ನಿನಗೆ ಆಗುವುದಿಲ್ಲವೇ? ಆಗದಿದ್ದರೆ ಹಾಗೆಂದು ಬರೆದುಬಿಡು. ಇನ್ನು ನಾನು ಕರೆಯುವುದಿಲ್ಲ.

ಹೊಳೆವ್ವ


ಕುರ್ಲಾ, ತಾ. ೧೯-೮-೧೯೮೭

ಅಕ್ಕ,

ಇದು ನನ್ನ ಅಕ್ಷರ. ಎಡಗೈಯದು. ಓದಲು ಕಷ್ಟವಾದರೆ ಸಾವಕಾಶ ಓದು.

ಹೋದ ವರ್ಷ ಜನವರಿಯಲ್ಲಿ ಹಲಗೆ ನುಣುಪು ಮಾಡುವ ಮಷಿನ್ನಿಗೆ ಬಲಗೈ ಸಿಕ್ಕಿತು. ಹೆಬ್ಬೆರಳು ಉಳಿದಿದೆ. ಉಳಿದವು ಹೋದವು. ನಿನ್ನ ಮೊದಲ ಪತ್ರ ಬಂದಾಗ ಕೈಗೆ ಪಟ್ಟಿ ಕಟ್ಟಿತ್ತು.

ನಿನ್ನ ಮನೆಯಲ್ಲಿ ಒಬ್ಬರು ಹಾಗಿರುವಾಗ ಇದನ್ನೂ ಹೇಗೆ ಬರೆಯಲಿ? ರಾಯಬಾಗಕ್ಕೂ ಸುದ್ದಿ ಹೋಗುತ್ತದೆ ಎಂದು ಹೆದರಿದೆ. ಮಾಲೀಕರು ಕೆಲಸದಿಂದ ತೆಗೆದಿಲ್ಲ. ಗೋದಾಮಿನಲ್ಲಿ ಮರ ನೋಡಿ ಆರಿಸುವ ಕೆಲಸ ಕೊಟ್ಟಿದ್ದಾರೆ. ಗರಗಸ ಹಿಡಿಯಲು ಬರುವುದಿಲ್ಲ. ಬಂದು ಏನು ಮಾಡಲಿ ಅಕ್ಕ? ನಿನಗೆ ಬೇಕಾದದ್ದು ಬಡಿಗ.

ಬಾಗಿಲು ಮುಚ್ಚಿಸಬೇಡ.

ಮಾಳಸಿದ್ದ


ಕರೋಶಿ, ತಾ. ೩೦-೮-೧೯೮೭

ನನ್ನ ತಮ್ಮ ಮಾಳಸಿದ್ದನಿಗೆ,

ಪತ್ರವನ್ನು ಅಂಗನವಾಡಿಯಲ್ಲಿ ಓದಿದೆ. ಮಕ್ಕಳನ್ನು ಬೇಗ ಮನೆಗೆ ಕಳಿಸಿದೆ. ಇಷ್ಟು ದಿನ ನಿನ್ನ ಬಗ್ಗೆ ಏನೇನು ಅಂದುಕೊಂಡಿದ್ದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಕೇಳಬೇಡ.

ಇವರಿಗೆ ಓದಿ ಹೇಳಿದೆ. ಪತ್ರವನ್ನು ಕೈಗೆ ತೆಗೆದುಕೊಂಡು ಆ ಅಕ್ಷರಗಳನ್ನು ತಾವೂ ನೋಡಿದರು. ಆಮೇಲೆ, 'ಅವನ ಕರಸ. ಬಂದ ಕೂಡಲೆ ಕೈ ಹಿಡಕೊಂಡ ಅಳಬ್ಯಾಡ. ಚಾ ಕೊಟ್ಟ ಕೆಲಸದ ಮಾತ ತಗಿ' ಎಂದರು.

ಭಾವನವರಿಗೂ ಹೇಳಿದೆ. ಅವರು ಹೊರಗೆ ಹೋಗಿ, ಕಡಿದ ಬೇವಿನ ಮರದ ಬುಡದ ಮೇಲೆ ಕೂತರು. ಕೊನೆಗೆ ಒಳಗೆ ಬಂದು, 'ಗರಗಸ ನಾ ಹಿಡೀತೇನಿ. ಎಲ್ಲಿ ಕೊಯ್ಯಬೇಕು ಅವ ಹೇಳಲಿ' ಎಂದರು. ಅವರ ಬಾಯಿಂದ ಇಂಥ ಮಾತು ನಾನು ಇದುವರೆಗೆ ಕೇಳಿರಲಿಲ್ಲ.

ಹಿಂದಿನ ಮಗ್ಗಲಿಗೆ ಈಗ ತಾಡಪತ್ರಿ ಕಟ್ಟಿದ್ದೇವೆ. ಗಾಳಿ ಬಂದಾಗ ಬಡಿದುಕೊಳ್ಳುತ್ತದೆ. ಅತ್ತೆ ಮುಂದಿನ ಪಡಸಾಲೆಯಲ್ಲಿ ಒಲೆ ಹೂಡಿದ್ದಾರೆ. ಸುಗ್ಗಿಯ ಮೊದಲು ಗೋಡೆ ಏಳಬೇಕು. ಬಾ.

ನಿನ್ನ ಅಕ್ಕ


ಕುರ್ಲಾ, ತಾ. ೧೫-೧-೧೯೮೮

ಅಕ್ಕ,

ಸುಖವಾಗಿ ಮುಟ್ಟಿದೆ. ನೀನು ಕಟ್ಟಿಕೊಟ್ಟ ಶೇಂಗಾ ಹಿಂಡಿ ಜ್ಞಾನದೇವನೇ ಅರ್ಧ ತಿಂದ. ಇನ್ನು ಬರೆಯುವ ಕೆಲಸ ತಪ್ಪಿತು ಎಂದು ಅವನಿಗೆ ಬೇಸರ.

ಚಿಕ್ಕೋಡಿಯಲ್ಲಿ ಬಸ್ಸು ಇಳಿದಾಗ ನನಗೆ ತಿರುಗಿ ಹೋಗಿಬಿಡಬೇಕು ಅನಿಸಿತ್ತು. ನೀನು ನನ್ನ ಕೈ ಕಡೆ ನೋಡದೆ ಮುಖವನ್ನೇ ನೋಡಿ, 'ಸೊರಗೀಯಲ್ಲೋ' ಎಂದೆ. ಅಲ್ಲಿಂದ ಮನೆ ಬರುವತನಕ ನೀನು ಬರೀ ಗೋಡೆಯ ವಿಷಯ ಮಾತಾಡಿದೆ. ಮಾವ ಹೇಳಿಕೊಟ್ಟಿದ್ದಾರೆ ಎಂದು ನನಗೆ ಗೊತ್ತಾಗಿತ್ತು.

ಬಾಳಾಸಾಬ ಗೋಡೆಯನ್ನು ಮೊಣಕಾಲು ಎತ್ತರದತನಕ ಕಲ್ಲಿನಲ್ಲಿ ತಂದದ್ದು ಒಳ್ಳೆಯದಾಯಿತು. ಅದು ಅವನದೇ ವಿಚಾರ, ನನಗೆ ಹೊಳೆದಿರಲಿಲ್ಲ. ಭಾವನವರು ನಾನು ಇದ್ದಿಲಿನಿಂದ ಎಳೆದ ಗೆರೆಯ ಮೇಲೆ ಕೂದಲೆಳೆ ತಪ್ಪದೆ ಕೊಯ್ದರು. ಆದರೆ ಗೋಡೆಯ ಸಂದಿನ ಮಾತು ಬಂದಾಗ ನಮ್ಮಿಬ್ಬರಿಗೆ ಎಂಥ ಜಗಳವಾಯಿತು! 'ಸಂದ ಬಿಟ್ರ ಗಾಲಿ ಸಿಗತೈತಿ, ನನ್ನ ತಮ್ಮ ಬೋರಲ ಬೀಳತಾನ' ಎಂದು ಅವರು. ಸಂದು ಬಿಡದಿದ್ದರೆ ಗೋಡೆ ಮತ್ತೆ ಬೀಳುತ್ತದೆ ಎಂದು ನಾನು. ಅವರ ಮಾತಿನಲ್ಲೂ ಸತ್ಯವಿತ್ತು. ಅವರು ಮೊದಲು ಬಿಗಿಯಾಗಿ ಕೂರಿಸಿದ್ದು ಆ ಹೆದರಿಕೆಗೇ ಎಂದು ಆಗ ತಿಳಿಯಿತು. ಇಲ್ಲಿ ಕೂತು ನಾನು ನೀರಿನ ಬಗ್ಗೆ ಮಾತ್ರ ಯೋಚಿಸಿದ್ದೆ, ಗಾಲಿಯ ಬಗ್ಗೆ ಯೋಚಿಸಿರಲಿಲ್ಲ.

ಒಳಗಿನಿಂದ ಮಾವ, 'ನಡುವ ಒಂದ ಬಿಡಿ ಹಲಗಿ ಹಾಕ್ರಿ. ದಾಟಿದ ಮ್ಯಾಲ ತಗದ ಇಡ್ರಿ. ಅದಕ್ಯಾಕ ಹೊಡದಾಡತೀರಿ?' ಎಂದಾಗ ಭಾವನವರು ಹಲಗೆ ಹುಡುಕಲು ಹೋದರು. ನೀನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕೆ. ನೀನು ನಕ್ಕದ್ದನ್ನು ಆ ಒಂದು ಸಲ ಮಾತ್ರ ಕಂಡೆ.

ರಾಯಬಾಗಕ್ಕೆ ನೀನೇ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದೆ. ಅವರು ಬೇಡವೆಂದರು. ಅದಕ್ಕಾಗಿ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮುಚ್ಚಿಡುವುದು ತಪ್ಪಿತಲ್ಲ, ರಾತ್ರಿ ನಿದ್ದೆ ಬರುತ್ತದೆ.

ಮಳೆ ಹಿಡಿದ ಮೇಲೆ ಗೋಡೆ ಹೇಗಿದೆ ಬರೆ. ಸುಣ್ಣ ಹಚ್ಚುವ ಮೊದಲು ಬರೆ.

ಮಾಳಸಿದ್ದ


ಕರೋಶಿ, ತಾ. ೧೦-೭-೧೯೮೮

ತಮ್ಮ ಮಾಳಸಿದ್ದನಿಗೆ,

ನೀನು ಎರಡು ಸಲ ಕೇಳಿ ಬರೆದೆ. ದೊಡ್ಡ ಮಳೆ ಬರಲಿ ಎಂದು ತಡೆದೆ. ಈಗ ಬಂದು ಹೋಗಿದೆ. ಹಂಚಿನ ನೀರು ದೋಣಿಯಲ್ಲಿ ಹರಿದು ಬೇಲಿಯ ಕಡೆಗೆ ಬೀಳುತ್ತದೆ. ಹಲಗೆಯ ಮೇಲೆ ಬಿದ್ದದ್ದು ಸಂದಿನಲ್ಲಿ ಇಳಿದು ಹೋಗುತ್ತದೆ. ಗೋಡೆಗೆ ದಿನಾ ಕೈ ಇಟ್ಟು ನೋಡುತ್ತೇನೆ. ಬಾಗಿಲಿನ ಎಡಕ್ಕೆ ಕಲ್ಲಿನ ಮೇಲೆ ಸ್ವಲ್ಪ ತಂಪು ಇದೆ, ಮೇಲೆ ಏರಿಲ್ಲ. ಸುಣ್ಣ ಹಚ್ಚಿಲ್ಲ.

ಬಿಡಿ ಹಲಗೆ ಹಾಕಿ ತೆಗೆಯಲು ಭಾವನವರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬರುತ್ತಾರೆ. ನಾನೇ ಮಾಡುತ್ತೇನೆ ಎಂದರೂ ಕೇಳುವುದಿಲ್ಲ. ಬಂದವರು ತಮ್ಮನ ಹತ್ತಿರ ಕೂತು ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಾರೆ. ಅತ್ತೆ ನನ್ನ ಜೊತೆ ಮಾತು ಶುರು ಮಾಡಿದ್ದಾರೆ. ಮೊನ್ನೆ, 'ನೀ ನನಗ ಮೊದಲ ಹೇಳಬೇಕಾಗಿತ್ತು ನೋಡ' ಎಂದರು. ಹೌದು ಎಂದೆ. ಸ್ವಲ್ಪ ಹೊತ್ತಿನ ಮೇಲೆ, 'ಹೇಳಿದ್ರ ನಾ ಕೇಳತಿದ್ದಿಲ್ಲ' ಎಂದು ತಾವೇ ಅಂದರು.

ಇನ್ನೊಂದು ಮಾತಿದೆ. ಇದನ್ನು ಇಲ್ಲಿ ಯಾರಿಗೂ ಹೇಳುವ ಹಾಗಿಲ್ಲ, ನಿನಗೆ ಬರೆಯುತ್ತೇನೆ.

ಇವತ್ತು ಭಾನುವಾರ. ಮಳೆ ನಿಂತು ಬಿಸಿಲು ಬಿತ್ತು. ಇವರನ್ನು ಕಟ್ಟೆಗೆ ತಳ್ಳಿದೆ, ಭಾವನವರು ಹಲಗೆ ತೆಗೆದಿಟ್ಟು ಹೊಲಕ್ಕೆ ಹೋದರು, ಅತ್ತೆ ಹಟ್ಟಿಯ ಕಡೆ ಹೋದರು. ನಾನು ಹಾಸಿಗೆ ಒಗೆಯಲೆಂದು ನಡುಮನೆಗೆ ಬಂದೆ. ಅಲ್ಲಿ ಯಾರೂ ಇರಲಿಲ್ಲ. ಇವರು ಬಿದ್ದ ದಿನದಿಂದ ಆ ಕೋಣೆಯಲ್ಲಿ ಯಾರೂ ಇಲ್ಲದ್ದನ್ನು ನಾನು ನಿಂತು ನೋಡಿರಲಿಲ್ಲ. ಇವರು ಹೊರಗಿದ್ದಾಗಲೂ ನಾನು ಗುಡಿಸುವುದರಲ್ಲಿ, ಒಗೆಯುವುದರಲ್ಲಿ ಇರುತ್ತಿದ್ದೆ. ಇವತ್ತು ನೆಲದ ಮೇಲೆ ಕೂತೆ. ಗೋಡೆಗೆ ಒರಗಿ ಕಾಲು ಚಾಚಿದೆ. ಹಾಸಿಗೆ ಒಗೆಯಲಿಲ್ಲ, ಕಣ್ಣು ಮುಚ್ಚಲೂ ಇಲ್ಲ. ಸುಮ್ಮನೆ ಕೂತಿದ್ದೆ. ಹೊರಗೆ ಇವರು ಯಾರ ಜೊತೆಗೋ ಕುರಿಯ ವಿಷಯ ಮಾತಾಡುವುದು ಕೇಳುತ್ತಿತ್ತು, ದೂರದ ಮನೆಯ ಮಾತು ಕೇಳಿದ ಹಾಗೆ.

ಆಮೇಲೆ ಕೂಗಿದರು, 'ಹೊಳೆವ್ವಾ, ಬಿಸಲ ಬಂತು, ಸ್ವಲ್ಪ ಹೊರಸ ಸರಸ ಬಾ.'

ನನಗೆ ಕೇಳಿತು. ಏಳಲಿಲ್ಲ.

ಮತ್ತೊಮ್ಮೆ ಕೂಗಿದರು. ಆಗಲೂ ಕೂತೇ ಇದ್ದೆ. ಬೇಕೆಂದೇ ಕೂತಿದ್ದೆ ಮಾಳಸಿದ್ದ. ಮೂರನೆಯ ಸಲ ಅವರು ಕೂಗಲಿಲ್ಲ. ಇಷ್ಟು ಹೊತ್ತಾದರೂ ಯಾಕೆ ಕೂಗುತ್ತಿಲ್ಲ ಎಂದು ಹೆದರಿ ಎದ್ದು ಹೋದೆ. ಟಾವೆಲ್ಲನ್ನು ಮುಖದ ಮೇಲೆ ಹಾಕಿಕೊಂಡು ಮಲಗಿದ್ದರು. ಹೆಜ್ಜೆ ಸಪ್ಪಳ ಕೇಳಿ ಟಾವೆಲ್ಲಿನ ಒಳಗಿನಿಂದಲೇ, 'ಯಾಕ ಎದ್ದಿ? ಇನ್ನ ಸ್ವಲ್ಪ ಕೂಡಬೇಕಾಗಿತ್ತು' ಎಂದರು.

ಹೊಳೆವ್ವ